ದೂರಿಗೊಂದು ಸಂಖ್ಯೆ

ಕಳೆದ ವರ್ಷ ಉಪಜಿಲ್ಲಾ ಕಲೋತ್ಸವದ ಹಿಂದಿನ ದಿನ ಸಂಜೆ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಒಂಬತ್ತನೆಯ ತರಗತಿಯ ಮಕ್ಕಳು ಮೂರು ವಾರ ಕುಳಿತು ಒಂದು ಕನ್ನಡ ಕಿರುಪತ್ರಿಕೆಯನ್ನು ಟೈಪು ಮಾಡಿದ್ದರು. ಪ್ರಿಂಟರ್ ಜೋಡಿಸಿದ್ದ ಕಂಪ್ಯೂಟರಿಗೆ ಅದನ್ನು ತಂದು ಮೊದಲ ಪುಟವನ್ನು ಅಚ್ಚು ಹಾಕಿ ನೋಡಿದರೆ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. ‘ವಿದ್ಯಾರ್ಥಿ’ ಎಂದಿರಬೇಕಾದಲ್ಲಿ ‘ವಿದ್‌ಯಾರ್‌ಥಿ’ ಎಂದಿತ್ತು.

“ಟೀಚರ್, ಇದು ಆಟಿ ತಿಂಗಳಿನಿಂದಲೇ ಹೀಗೆ” ಎಂದಳು ಒಬ್ಬಳು. “ನಾನು ಆಗಲೇ ಮಾಷ್ಟ್ರಿಗೆ ಹೇಳಿದ್ದೆ” ಎಂದ ಇನ್ನೊಬ್ಬ. ವಿಚಾರಿಸುತ್ತಾ ಹೋದಾಗ ಏಳೆಂಟು ಮಕ್ಕಳು ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಅಧ್ಯಾಪಕರಿಗೆ ಇದನ್ನು ಹೇಳಿದ್ದರೆಂದು ತಿಳಿಯಿತು. ಕೇಳಿಸಿಕೊಂಡ ನಾವೆಲ್ಲರೂ ಇನ್ನೊಬ್ಬರು ನೋಡಿಕೊಂಡಾರು ಎಂದು ಸುಮ್ಮನಿದ್ದೆವು. ಆ ರಾತ್ರಿ ಹತ್ತು ಗಂಟೆಯ ತನಕ ಮಕ್ಕಳು ಪತ್ರಿಕೆಯನ್ನು ಕೈಯಲ್ಲೇ ಬರೆದು ಮುಗಿಸಿದರು. ಕರೆದುಕೊಂಡು ಹೋಗಲು ಬಂದ ಹೆತ್ತವರು ಜಗಲಿಯಲ್ಲಿ ಕಾದು ಕುಳಿತರು. ತಪ್ಪು ಮಕ್ಕಳದ್ದಲ್ಲ, ಯಂತ್ರದ್ದೂ ಅಲ್ಲ. ಹೇಳಿದ ದೂರು ಒಂದು ಕಡೆ ನಿಲ್ಲುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ಇಂತಹ ಏರ್ಪಾಡನ್ನು ಹೇಗೆ ಮಾಡಬೇಕು? ಸಾವಿರಾರು ಜನ ಸೇರಿ ನಡೆಸುವ ತಂತ್ರಾಂಶಗಳ ಒಂದು ದೊಡ್ಡ ಉಗ್ರಾಣದಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಅದನ್ನು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಹೊರೆಕಾಣಿಕೆಯ ಉಗ್ರಾಣ

ನಮ್ಮ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ನಡೆಯುವಾಗ ಹಸುರುವಾಣಿ ಹೊರೆಕಾಣಿಕೆ ಬರುವುದನ್ನು ನೀವೆಲ್ಲರೂ ನೋಡಿದ್ದೀರಿ. ಒಬ್ಬರು ತೆಂಗಿನಕಾಯಿ, ಒಬ್ಬರು ಅಕ್ಕಿ, ಇನ್ನೊಬ್ಬರು ಕುಂಬಳಕಾಯಿ ತರುತ್ತಾರೆ. ಎಲ್ಲವೂ ಉಗ್ರಾಣಕ್ಕೆ ಸೇರುತ್ತದೆ. ಅಲ್ಲಿ ಸ್ವಯಂಸೇವಕರು ಒಂದೊಂದು ಬಗೆಯ ಸಾಮಾನಿನ ಹೊಣೆ ಹೊತ್ತು ನಿಂತಿರುತ್ತಾರೆ. ಊಟಕ್ಕೆ ಬಂದವರು ಯಾರು ಏನು ಕೊಟ್ಟರೆಂದು ಕೇಳುವುದಿಲ್ಲ. ಎಲ್ಲರಿಗೂ ಊಟ ಸಿಗುತ್ತದೆ.

ಕಂಪ್ಯೂಟರ್ ಲೋಕದಲ್ಲಿಯೂ ಇಂತಹ ಉಗ್ರಾಣಗಳಿವೆ. ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ಒಂದೊಂದು ತಂತ್ರಾಂಶವನ್ನೂ ಸುಲಭವಾಗಿ ಅಳವಡಿಸಲು ಬರುವಂತೆ ಕಟ್ಟಿ ಇಟ್ಟ ಗಂಟಿಗೆ ಪ್ಯಾಕೇಜು ಎಂದು ಹೆಸರು. ಅಂಥ ಪ್ಯಾಕೇಜುಗಳ ದೊಡ್ಡ ಸಾಮೂಹಿಕ ಉಗ್ರಾಣಗಳಲ್ಲಿ ಒಂದು ಡೆಬಿಯನ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಮುರ್ಡಾಕ್ 1993ರ ಆಗಸ್ಟ್ 16ರಂದು ಇದನ್ನು ಪ್ರಕಟಿಸಿದರು. ಅವರ ಗೆಳತಿ ಡೆಬ್ರಾ ಮತ್ತು ಇಯಾನ್ ಎಂಬ ಎರಡು ಹೆಸರುಗಳು ಸೇರಿ ಡೆಬಿಯನ್ ಆಯಿತು. 2025ರ ಆಗಸ್ಟಿನಲ್ಲಿ ಹೊರಬಂದ ಇದರ 13ನೆಯ ಆವೃತ್ತಿಯಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ಇವನ್ನು ನೋಡಿಕೊಳ್ಳುವವರು ಜಗತ್ತಿನ ನಾನಾ ದೇಶಗಳಲ್ಲಿ ಚದುರಿರುವ ಸ್ವಯಂಸೇವಕರು. ಅವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ.

ಇದು ನಮಗೆ ದೂರದ ಸಂಗತಿಯೇನೂ ಅಲ್ಲ. ಕೇರಳದ ಪ್ರೌಢಶಾಲೆಗಳಲ್ಲಿ ನಾವು ಬಳಸುವ ಕೈಟ್ ಗ್ನೂ/ಲಿನಕ್ಸ್ ಉಬುಂಟುವನ್ನು ಆಧರಿಸಿದೆ. 2004ರಲ್ಲಿ ಹೊರಬಂದ ಉಬುಂಟು ಡೆಬಿಯನ್ನನ್ನು ಆಧರಿಸಿದೆ. ಹೊಳೆಯ ಮೂಲದಲ್ಲಿ ನೀರು ಕದಡಿದರೆ ಕೆಳಗಿನ ಗದ್ದೆಗೂ ಕದಡಿದ ನೀರೇ ಬರುತ್ತದೆ. ಮೂಲದಲ್ಲಿ ತಿಳಿಯಾದರೆ ಕೆಳಗೂ ತಿಳಿಯಾಗುತ್ತದೆ.

ಪತಂಗ ಅಂಟಿಸಿದ ಪುಸ್ತಕ

ತಂತ್ರಾಂಶದ ದೋಷವನ್ನು ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳ ಎನ್ನುತ್ತಾರೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ಗಣಕಯಂತ್ರದಲ್ಲಿ ನಿಜವಾಗಿಯೇ ಒಂದು ಪತಂಗ ಸಿಕ್ಕಿಬಿದ್ದಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕದ ಪುಟಕ್ಕೆ ಅಂಟಿಸಿದರು. ಯಂತ್ರದ ದೋಷಕ್ಕೆ ‘ಹುಳ’ ಎನ್ನುವ ರೂಢಿ ಅದಕ್ಕಿಂತಲೂ ಹಳೆಯದು. ಎಡಿಸನ್ 1870ರ ದಶಕದಲ್ಲೇ ಆ ಮಾತನ್ನು ಬಳಸಿದ್ದರು. ಆದರೆ ಆ ಪತಂಗದ ಪುಟ ಇಂದಿಗೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ಹುಳವನ್ನು ತೆಗೆದು ಹೊರಗೆ ಎಸೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಎಂಬತ್ತು ವರ್ಷಗಳ ಬಳಿಕವೂ ನಾವು ಅದರ ಬಗ್ಗೆ ಮಾತಾಡುತ್ತಿದ್ದೇವೆ.

ಕಾಗದ ಬರೆಯಲು ಬಂದರೆ ಸಾಕು

ಡೆಬಿಯನ್ನಿನ ದೋಷದಾಖಲೆ ವ್ಯವಸ್ಥೆಯನ್ನು 1994ರಲ್ಲಿ ಬ್ರಿಟನ್ನಿನ ಇಯಾನ್ ಜಾಕ್ಸನ್ ರಚಿಸಿದರು. ಸ್ವಯಂಸೇವಕರಲ್ಲಿ ಹಲವರಿಗೆ ಆಗ ಟೆಲಿಫೋನ್ ತಂತಿಯ ಮೂಲಕ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಸಂಪರ್ಕ ಸಿಗುತ್ತಿತ್ತು. ಆದುದರಿಂದ ಇಡೀ ವ್ಯವಸ್ಥೆಯನ್ನು ಇ-ಮೇಲಿನ ಮೇಲೆ ನಿಲ್ಲಿಸಲಾಯಿತು. ದೋಷ ಕಂಡವನು ಒಂದು ನಿಗದಿತ ವಿಳಾಸಕ್ಕೆ ಕಾಗದ ಬರೆದರಾಯಿತು. ಸದಸ್ಯತ್ವ ಬೇಡ, ಗುಪ್ತಪದ ಬೇಡ, ಅರ್ಜಿ ನಮೂನೆಯೂ ಬೇಡ. ಕಾಗದದ ಮೊದಲ ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಎರಡನೆಯ ಸಾಲಿನಲ್ಲಿ ಅದರ ಆವೃತ್ತಿ, ಅದರ ಕೆಳಗೆ ವಿವರಣೆ. ಇಷ್ಟೇ ನಿಯಮ.

ಕಾಗದ ತಲುಪಿದ ಕೂಡಲೇ ಯಂತ್ರವು ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಆಮೇಲೆ ಮೂರು ಕೆಲಸಗಳು ತಾವಾಗಿ ನಡೆಯುತ್ತವೆ. ಬರೆದವನಿಗೆ ಸಂಖ್ಯೆಯ ಸಹಿತ ಉತ್ತರ ಹೋಗುತ್ತದೆ. ಆ ಪ್ಯಾಕೇಜಿನ ಉಸ್ತುವಾರಿ ಹೊತ್ತವರಿಗೆ ಪ್ರತಿ ಹೋಗುತ್ತದೆ. ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ದೂರು ಸೇರುತ್ತದೆ. ಮುಂದೆ ಆ ವಿಷಯವಾಗಿ ಬರೆಯುವ ಪ್ರತಿಯೊಂದು ಕಾಗದವೂ ಆ ಸಂಖ್ಯೆಯ ವಿಳಾಸಕ್ಕೇ ಹೋಗಿ ಹಳೆಯದರ ಕೆಳಗೆ ಸೇರಿಕೊಳ್ಳುತ್ತದೆ. ಐದು ವರ್ಷ ಕಳೆದ ಮೇಲೆ ಬಂದವನೂ ಮೊದಲಿನಿಂದ ಓದಿ ತಿಳಿದುಕೊಳ್ಳಬಹುದು.

ಒಳಗಿನ ರಚನೆಯೂ ಅಷ್ಟೇ ಸರಳ. ಇಲ್ಲಿ ದೊಡ್ಡ ದತ್ತಸಂಚಯವಿಲ್ಲ. ಪ್ರತಿ ದೂರಿಗೂ ಸಾದಾ ಅಕ್ಷರಗಳ ಕೆಲವು ಕಡತಗಳು ಮಾತ್ರ: ಒಂದರಲ್ಲಿ ಮೊದಲ ದೂರು, ಒಂದರಲ್ಲಿ ಎಲ್ಲ ಪತ್ರವ್ಯವಹಾರ, ಒಂದರಲ್ಲಿ ಈಗಿನ ಸ್ಥಿತಿ. ಈ ಕಡತಗಳನ್ನು ದೂರಿನ ಸಂಖ್ಯೆಯ ಕೊನೆಯ ಎರಡು ಅಂಕೆಗಳ ಪ್ರಕಾರ 00ರಿಂದ 99ರ ತನಕದ 100 ಕಪಾಟುಗಳಲ್ಲಿ ಇಡುತ್ತಾರೆ. 363516ನೆಯ ದೂರು 16ನೆಯ ಕಪಾಟಿಗೆ, 363517ನೆಯದು 17ನೆಯದಕ್ಕೆ. ಮೊದಲ ಅಂಕೆಗಳನ್ನು ಬಿಟ್ಟು ಕೊನೆಯವನ್ನು ಆರಿಸಿದ್ದು ಏಕೆ? ಮೊದಲ ಅಂಕೆಗಳ ಪ್ರಕಾರ ಇಟ್ಟರೆ ಹೊಸದಾಗಿ ಬರುವ ದೂರುಗಳೆಲ್ಲ ಒಂದೇ ಕಪಾಟಿನಲ್ಲಿ ರಾಶಿ ಬೀಳುತ್ತವೆ. ಕೊನೆಯ ಅಂಕೆಗಳಾದರೆ ಇಸ್ಪೀಟು ಎಲೆ ಹಂಚಿದ ಹಾಗೆ ನೂರು ಕಪಾಟುಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಗಣಿತದ ಇಷ್ಟು ಸಣ್ಣ ಉಪಾಯದಿಂದ ಎಷ್ಟು ದೊಡ್ಡ ಕೆಲಸ ಸಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 2021ರಲ್ಲಿ ಈ ವ್ಯವಸ್ಥೆಯ ದೂರಿನ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು.

ಯಾವುದು ಮೊದಲು, ಯಾವುದು ಆಮೇಲೆ

ಎಲ್ಲ ದೂರುಗಳೂ ಒಂದೇ ತೂಕದವಲ್ಲ. ಆಸ್ಪತ್ರೆಯಲ್ಲಿ ಹಾವು ಕಚ್ಚಿದವನನ್ನು ಶೀತವಾದವನ ಹಿಂದೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಡೆಬಿಯನ್ನಿನಲ್ಲಿ ದೋಷದ ತೀವ್ರತೆಗೆ ಏಳು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲಿನದು ಇಡೀ ಯಂತ್ರವನ್ನೇ ಕೆಡಿಸುವ ಅಥವಾ ಬರೆದಿಟ್ಟದ್ದನ್ನು ನಾಶಮಾಡುವಂಥದ್ದು. ಎರಡನೆಯದು ಆ ಪ್ಯಾಕೇಜನ್ನು ನಿರುಪಯುಕ್ತ ಮಾಡುವಂಥದ್ದು. ಮೂರನೆಯದು ಉಗ್ರಾಣದ ಮುಖ್ಯ ನಿಯಮಗಳನ್ನು ಮೀರುವಂಥದ್ದು. ಆಮೇಲೆ ಮುಖ್ಯ, ಸಾಧಾರಣ, ಅಲ್ಪ ಎಂಬ ಮೂರು ಮೆಟ್ಟಿಲು. ಕೊನೆಯದು ಬಯಕೆ, ಅಂದರೆ ದೋಷವಲ್ಲ, ‘ಹೀಗಿದ್ದರೆ ಚೆನ್ನಾಗಿತ್ತು’ ಎಂಬ ಸೂಚನೆ. ಬರೆದವನು ಏನನ್ನೂ ಹೇಳದಿದ್ದರೆ ದೂರು ಸಾಧಾರಣ ಎಂದೇ ದಾಖಲಾಗುತ್ತದೆ.

ಮೇಲಿನ ಮೂರು ಮೆಟ್ಟಿಲುಗಳ ದೋಷಕ್ಕೆ ವಿಶೇಷ ಬಲವಿದೆ. ಮೇಲ್ವಿಚಾರಕರು ವಿನಾಯಿತಿ ಕೊಡದ ಹೊರತು ಅಂಥ ದೋಷವಿರುವ ಪ್ಯಾಕೇಜು ಹೊಸ ಆವೃತ್ತಿಯ ಜತೆ ಹೊರಹೋಗುವಂತಿಲ್ಲ. ಆದುದರಿಂದ ಬಿಡುಗಡೆಯ ಮೊದಲು ಸ್ವಯಂಸೇವಕರು ಒಂದು ಕಡೆ ಕೂಡಿ, ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ದೋಷವನ್ನು ನಿವಾರಿಸುವ ಕೂಟಗಳನ್ನು ನಡೆಸುತ್ತಾರೆ. ನಮ್ಮಲ್ಲಿ ಶಾಲೆ ತೆರೆಯುವ ಮುನ್ನ ಹೆತ್ತವರು ಸೇರಿ ಶ್ರಮದಾನ ಮಾಡುವುದಿಲ್ಲವೇ, ಹಾಗೆಯೇ.

ಒಂದೇ ದೋಷವನ್ನು ಹತ್ತು ಜನ ಬರೆದರೆ ಅವನ್ನು ಒಂದಾಗಿ ಸೇರಿಸಬಹುದು. ವಿವರ ಸಾಲದಿದ್ದರೆ ‘ಇನ್ನಷ್ಟು ವಿವರ ಬೇಕು’ ಎಂಬ ಚೀಟಿ, ಯಾರಾದರೂ ಪರಿಹಾರ ಬರೆದು ಕಳುಹಿಸಿದ್ದರೆ ಅದಕ್ಕೊಂದು ಚೀಟಿ, ಉಸ್ತುವಾರಿಗೆ ಸಹಾಯ ಬೇಕಿದ್ದರೆ ಮತ್ತೊಂದು ಚೀಟಿ ಹಚ್ಚುತ್ತಾರೆ. ಈ ಬದಲಾವಣೆಗಳನ್ನು ಯಾರೂ ಮಾಡಬಹುದು. ಯಾರು ಏನು ಮಾಡಿದರೆಂಬುದು ಅಲ್ಲೇ ದಾಖಲಾಗುವುದರಿಂದ ಚೇಷ್ಟೆ ಮಾಡಿದವನು ಮರೆಯಲ್ಲಿ ಉಳಿಯುವಂತಿಲ್ಲ. ಬೀಗದ ಬದಲು ಬೆಳಕನ್ನು ನಂಬಿದ ವ್ಯವಸ್ಥೆ ಇದು.

1997ರ ಜುಲೈಯಲ್ಲಿ ಡೆಬಿಯನ್ನಿನವರು ಬಳಕೆದಾರರಿಗೆ ಕೊಟ್ಟ ವಾಗ್ದಾನಪತ್ರದಲ್ಲಿ ದೋಷಗಳನ್ನು ಬಚ್ಚಿಡುವುದಿಲ್ಲವೆಂದೂ ದೂರುಗಳ ಪಟ್ಟಿ ಸದಾ ಎಲ್ಲರಿಗೂ ತೆರೆದಿರುವುದೆಂದೂ ಮಾತು ಕೊಟ್ಟಿದ್ದಾರೆ. ತನ್ನ ಸಾಮಾನಿನ ಕೊರತೆಗಳನ್ನು ಅಂಗಡಿಯ ಬಾಗಿಲಿಗೆ ತೂಗುಹಾಕುವ ವ್ಯಾಪಾರಿಯನ್ನು ನಾವು ಕಂಡಿದ್ದೇವೆಯೇ?

ಮುಚ್ಚುವುದು ಬೇರೆ, ಗುಣವಾಗುವುದು ಬೇರೆ

ದೋಷ ಸರಿಯಾದ ಮೇಲೆ ದೂರನ್ನು ಮುಚ್ಚಬೇಕು. ಅದಕ್ಕೂ ಒಂದು ಕಾಗದವನ್ನೇ ಬರೆಯಬೇಕು, ಅದರಲ್ಲಿ ಹೇಗೆ ಸರಿಯಾಯಿತೆಂಬ ವಿವರಣೆ ಇರಬೇಕು. ಆ ಕಾಗದ ದೂರು ಕೊಟ್ಟವನಿಗೂ ಹೋಗುತ್ತದೆ. ಒಪ್ಪಿಗೆಯಾಗದಿದ್ದರೆ ದೂರನ್ನು ಮತ್ತೆ ತೆರೆಯಬಹುದು. ಮುಚ್ಚಿ 28 ದಿನ ಯಾರೂ ಏನೂ ಹೇಳದಿದ್ದರೆ ಅದು ಹಳೆಯ ಕಡತಗಳ ಕೋಣೆಗೆ ಸೇರುತ್ತದೆ, ಅಳಿದುಹೋಗುವುದಿಲ್ಲ.

ಆದರೆ ದಾಖಲೆಯೊಂದಿದ್ದರೆ ಎಲ್ಲವೂ ಸರಿಯಾಗುತ್ತದೆಂದು ಭ್ರಮಿಸಬಾರದು. ಮೇಲೆ ಹೇಳಿದ 363516ನೆಯ ದೂರಿನ ಕತೆ ಇಲ್ಲಿ ಉಲ್ಲೇಖನೀಯ. ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜು ಗುಪ್ತಲಿಪಿಯ ಬೀಗದಕೈಗಳನ್ನು ತಯಾರಿಸುತ್ತದೆ. ಯಾರೂ ಊಹಿಸಲಾರದ ಸಂಖ್ಯೆಗಳೇ ಅಂಥ ಕೈಗಳಿಗೆ ಆಧಾರ. 2006ರಲ್ಲಿ, ತಂತ್ರಾಂಶವನ್ನು ತಪಾಸಣೆ ಮಾಡುವ ಇನ್ನೊಂದು ಸಾಧನವು ಈ ಪ್ಯಾಕೇಜಿನ ವಿಷಯದಲ್ಲಿ ಎಚ್ಚರಿಕೆ ಕೊಡುತ್ತಿದೆಯೆಂದು ದೂರು ಬಂತು. ಎಚ್ಚರಿಕೆಗೆ ಕಾರಣವೆಂದು ಕಂಡ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ಎಚ್ಚರಿಕೆ ನಿಂತಿತು. ಆದರೆ ಅವುಗಳಲ್ಲಿ ಒಂದು ಸಾಲು ಊಹೆಗೆ ಸಿಗದ ಸಂಖ್ಯೆಗಳನ್ನು ಬೆರೆಸುವ ಸಾಲೇ ಆಗಿತ್ತು! ಅದು ಹೋದ ಮೇಲೆ ಒಂದೊಂದು ಬಗೆಯ ಯಂತ್ರದಲ್ಲಿ ಒಂದೊಂದು ಅಳತೆಯ ಕೈಗೆ ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ ಉಳಿದವು. ಕಂಪ್ಯೂಟರಿಗೆ ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ನೋಡುವುದು ಕಷ್ಟವೇನಲ್ಲ. ಸುಮಾರು ಎರಡು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ. ಲೂಸಿಯಾನೊ ಬೆಲ್ಲೊ ಎಂಬವರು ಇದನ್ನು ಕಂಡುಹಿಡಿದರು. 2008ರ ಮೇ 13ರಂದು ಸಾರ್ವಜನಿಕ ಪ್ರಕಟಣೆ ಹೊರಟಿತು. ಡೆಬಿಯನ್, ಉಬುಂಟು ಬಳಸುತ್ತಿದ್ದವರು ಆ ಅವಧಿಯಲ್ಲಿ ತಯಾರಿಸಿದ ಕೈಗಳನ್ನೆಲ್ಲ ಬಿಸಾಡಿ ಹೊಸತು ಮಾಡಬೇಕಾಯಿತು.

ಜ್ವರ ತೋರಿಸುವ ಥರ್ಮಾಮೀಟರನ್ನು ಒಡೆದರೆ ಜ್ವರ ಇಳಿಯುವುದಿಲ್ಲ. ದೂರನ್ನು ಮುಚ್ಚುವ ಮೊದಲು, ಕಾರಣ ತಿಳಿಯಿತೇ ಎಂದು ಕೇಳಿಕೊಳ್ಳಬೇಕು. ಹಾಗೆಂದು ದಾಖಲೆ ವ್ಯರ್ಥವಾಯಿತೆಂದೂ ಹೇಳುವಂತಿಲ್ಲ. ಯಾರು ಏನು ಕೇಳಿದರು, ಏನು ಯೋಚಿಸಿ ಆ ಸಾಲನ್ನು ತೆಗೆದರು ಎಂಬುದೆಲ್ಲ ಆ ಸಂಖ್ಯೆಯ ಕೆಳಗೆ ಇಂದಿಗೂ ಓದಲು ಸಿಗುತ್ತದೆ. ತಪ್ಪಿನಿಂದ ಕಲಿಯಬೇಕಾದರೆ ತಪ್ಪಿನ ದಾರಿ ಉಳಿದಿರಬೇಕು.

ಈ ವ್ಯವಸ್ಥೆಯಲ್ಲಿ ಕೊರತೆಗಳೂ ಇವೆ. ಯಾರೂ ಬರೆಯಬಹುದಾದ ವಿಳಾಸಕ್ಕೆ ಕಸದ ಕಾಗದಗಳೂ ಬರುತ್ತವೆ, ಅವನ್ನು ಸೋಸಬೇಕು. ಪಟ್ಟಿಯನ್ನು ಅಂತರ್ಜಾಲದ ಪುಟದಲ್ಲಿ ಓದಬಹುದೇ ಹೊರತು ಅಲ್ಲೇ ದೂರು ಬರೆಯಲು ಆಗುವುದಿಲ್ಲ. ಇ-ಮೇಲಿನ ರೂಢಿಯಿಲ್ಲದ ಇಂದಿನ ಮಕ್ಕಳಿಗೆ ಇದು ಹಳೆಯ ಕಾಲದ್ದೆಂದು ತೋರಬಹುದು. ಹಾಗಿದ್ದರೂ ಮೂವತ್ತು ವರ್ಷ ಮೀರಿ ಇದು ನಡೆಯುತ್ತಿದೆ. ಗ್ನೂ ಯೋಜನೆಯವರೂ ತಮ್ಮ ಕೆಲವು ತಂತ್ರಾಂಶಗಳಿಗೆ ಇದನ್ನೇ ಬಳಸುತ್ತಾರೆ. ಹಗುರವಾದದ್ದನ್ನು ಹೊತ್ತು ದೂರ ನಡೆಯಬಹುದು.

ನಮ್ಮ ಕೊಠಡಿಯ ಪುಸ್ತಕ

ಕಲೋತ್ಸವ ಮುಗಿದ ವಾರವೇ ನಾವು ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿ ಇನ್ನೂರು ಪುಟದ ಒಂದು ಪುಸ್ತಕವನ್ನು ದಾರದಲ್ಲಿ ಕಟ್ಟಿದ ಪೆನ್ನಿನ ಸಮೇತ ಇಟ್ಟೆವು. ಮೊದಲ ಕರಡಿನಲ್ಲಿ ಹದಿನಾಲ್ಕು ಕಾಲಮುಗಳಿದ್ದವು. ಒಂದು ವಾರ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅದನ್ನು ಆರಕ್ಕೆ ಇಳಿಸಿದೆವು: ಸಂಖ್ಯೆ, ದಿನಾಂಕ, ಯಾವ ಕಂಪ್ಯೂಟರು ಮತ್ತು ಯಾವ ಪ್ಯಾಕೇಜು, ಏನಾಯಿತು, ನೋಡಿಕೊಳ್ಳುವವರು ಯಾರು, ಹೇಗೆ ಸರಿಯಾಯಿತು. ತೀವ್ರತೆಗೆ ಏಳು ಮೆಟ್ಟಿಲು ನಮಗೆ ಬೇಡವೆನಿಸಿತು. ಪಾಠ ನಿಲ್ಲುವಂಥದ್ದಾದರೆ ಕೆಂಪು ಚುಕ್ಕೆ, ಉಳಿದದ್ದಕ್ಕೆ ಚುಕ್ಕೆಯೇ ಇಲ್ಲ. ಬರೆದ ವಿದ್ಯಾರ್ಥಿಯೇ ನೋಡಿ ಸಹಿ ಹಾಕದೆ ಯಾವ ದೂರನ್ನೂ ಮುಚ್ಚುವಂತಿಲ್ಲ. ಇದೊಂದೇ ಕಟ್ಟುನಿಟ್ಟಿನ ನಿಯಮ.

ದೂರು ಬರೆಯುವುದೂ ಒಂದು ವಿದ್ಯೆ. ಮೊದಲ ದೂರು ಹೀಗಿತ್ತು: “ಕನ್ನಡ ಸರಿ ಬರುವುದಿಲ್ಲ.” ಇದನ್ನು ಓದಿ ಯಾರೂ ಏನೂ ಮಾಡುವಂತಿರಲಿಲ್ಲ. ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಹೇಳಿಕೊಟ್ಟೆವು. ನೀನು ಏನು ಮಾಡಿದೆ? ಏನಾಗಬೇಕೆಂದು ಎಣಿಸಿದ್ದೆ? ನಿಜಕ್ಕೂ ಏನಾಯಿತು? ಅದೇ ಹುಡುಗಿ ಮರುದಿನ ಬರೆದದ್ದು ಹೀಗೆ: “ನಾಲ್ಕನೆಯ ಕಂಪ್ಯೂಟರಿನಲ್ಲಿ ‘ವಿದ್ಯಾರ್ಥಿ’ ಎಂದು ಟೈಪು ಮಾಡಿದೆ. ಯವೊತ್ತು ದಕಾರದ ಕೆಳಗೆ ಬರಬೇಕಿತ್ತು. ಬದಿಗೆ ಬಂತು. ಅದೇ ಕಡತ ಏಳನೆಯದರಲ್ಲಿ ಸರಿಯಾಗಿದೆ.”

ಕೊನೆಯ ವಾಕ್ಯದಿಂದಲೇ ಗಂಟು ಬಿಡಿಸಿತು. ನಾಲ್ಕನೆಯದನ್ನೂ ಪ್ರಿಂಟರಿನ ಕಂಪ್ಯೂಟರನ್ನೂ ಏಳನೆಯದರ ಜತೆ ಹೋಲಿಸಿ ನೋಡಿದಾಗ, ಆ ಎರಡರಲ್ಲಿ ಅಕ್ಷರಶೈಲಿಯ ಹಳೆಯ ಪ್ಯಾಕೇಜು ಉಳಿದುಹೋಗಿತ್ತೆಂದು ತಿಳಿಯಿತು. ಹೊಸತು ಹಾಕಬೇಕಾಗಿದ್ದವರು ನಾವೇ. ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕಾಗಿ ಮಕ್ಕಳು ಒಂದು ರಾತ್ರಿ ಕೈ ನೋಯಿಸಿಕೊಂಡರು ಎಂಬ ಬೇಸರ ನಮಗಿದೆ. ಆ ಹುಡುಗಿ ಒಂದನೆಯ ದೂರಿನ ಮುಂದೆ ಸಹಿ ಹಾಕಿದಳು.

ಎಲ್ಲ ದೂರುಗಳೂ ಹಾಗೆ ಮುಗಿಯಲಿಲ್ಲ. ಇನ್ನೊಂದು ತಂತ್ರಾಂಶದಲ್ಲಿ ಕನ್ನಡದ ಪದಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಒಂದು ತಪ್ಪು ಕಾಣುತ್ತದೆ. ಅದು ನಮ್ಮ ಕೊಠಡಿಯಲ್ಲಿ ಸರಿಯಾಗುವಂಥದ್ದಲ್ಲ, ಮೂಲದಲ್ಲೇ ಆಗಬೇಕು. ಇಂಗ್ಲಿಷ್ ಅಧ್ಯಾಪಕರ ಸಹಾಯದಿಂದ ಮಕ್ಕಳು ಆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು, ಅದನ್ನು ತಯಾರಿಸುವವರಿಗೆ ಕಳುಹಿಸಿದ್ದಾರೆ. ದೂರಿಗೊಂದು ಸಂಖ್ಯೆ ಬಂದಿದೆ. ಪರಿಹಾರ ಇನ್ನೂ ಬಂದಿಲ್ಲ. ಪುಸ್ತಕದಲ್ಲಿ ಆ ಸಾಲು ತೆರೆದೇ ಇದೆ. ಈ ವರ್ಷ ಶಾಲೆ ಬಿಟ್ಟು ಹೋಗುವವರು ಅದನ್ನು ಕಿರಿಯರಿಗೆ ಒಪ್ಪಿಸಿ ಹೋಗುತ್ತಾರೆ.

ಇಲ್ಲೊಂದು ಮಾತನ್ನು ನಾವು ಹೆತ್ತವರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ವಿಶೇಷವಾಗಿ ಹೇಳಬೇಕೆಂದಿದ್ದೇವೆ. ಇಂಗ್ಲಿಷ್ ಅಕ್ಷರ ಕೆಟ್ಟರೆ ಅದನ್ನು ಕಾಣುವವರು ಕೋಟಿಗಟ್ಟಲೆ ಇದ್ದಾರೆ. ಕನ್ನಡದ ಒತ್ತಕ್ಷರ ಕಳಚಿದರೆ ಅದು ತಪ್ಪೆಂದು ತಿಳಿಯುವುದು ಕನ್ನಡ ಓದುವವನಿಗೆ ಮಾತ್ರ. ತಂತ್ರಾಂಶ ಬರೆದವನು ಎಷ್ಟೇ ಜಾಣನಾಗಿದ್ದರೂ ಕನ್ನಡ ಬಾರದಿದ್ದರೆ ಅವನ ಕಣ್ಣಿಗೆ ‘ವಿದ್‌ಯಾರ್‌ಥಿ’ ಕೂಡ ಚಂದವಾಗಿಯೇ ಕಾಣುತ್ತದೆ. ನಾವು ಬರೆದು ತಿಳಿಸದಿದ್ದರೆ ಅವನ ಮಟ್ಟಿಗೆ ಆ ದೋಷ ಇಲ್ಲವೇ ಇಲ್ಲ. ಗಡಿಯ ಈಚೆಗಿರುವ ಕಾಸರಗೋಡಿನ ನಾವು ನಮ್ಮ ಭಾಷೆಯಲ್ಲಿ ಪಾಠಪುಸ್ತಕಕ್ಕೆ, ಪ್ರಶ್ನೆಪತ್ರಿಕೆಗೆ, ನಾಮಫಲಕಕ್ಕೆ ಅರ್ಜಿ ಬರೆದು ರೂಢಿಯಿದ್ದವರು. ಈ ಅರ್ಜಿಯನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳೋಣ. ಇದರಲ್ಲಿ ಜಗಳವಿಲ್ಲ, ಏನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು ಎಂಬಷ್ಟೇ ಇದೆ.

ಮನೆಯಲ್ಲಿ ಮಕ್ಕಳು “ಇದು ಸರಿಯಿಲ್ಲ” ಎಂದು ಗೊಣಗಿದರೆ ಹೆತ್ತವರು ಗದರಿಸದೆ, “ಏನಾಯಿತೆಂದು ಬರೆದು ತೋರಿಸು” ಎಂದು ಹೇಳಬೇಕಾಗಿ ನಮ್ಮ ಕೋರಿಕೆ. ಕಂಪ್ಯೂಟರ್ ಕೊಠಡಿಯ ಪುಸ್ತಕವನ್ನು ಶಾಲೆಗೆ ಬಂದಾಗ ತಾವೂ ಬಿಡಿಸಿ ನೋಡಬಹುದು. ಈ ಲೇಖನ ಬರೆಯುವ ಹೊತ್ತಿಗೆ ಅದರಲ್ಲಿ 83 ದೂರುಗಳಿವೆ, 71 ಮುಚ್ಚಿವೆ. ಉಳಿದ ಹನ್ನೆರಡನ್ನು ನಾವು ಬಚ್ಚಿಟ್ಟಿಲ್ಲ.